ನಾರ್ತ್‌ವಿಲ್‌ನಿಂದ ಲೆಮಾಂಟಿಗೆ ಎರಡು ವಾಲಬಿಗಳೊಡನೆ

ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್ ಬಿಟ್ಟೆವು. ನಾವು ಎಂದರೆ ನಾನು, ನಮ್ಮ ಮನೆಯವರ ಸ್ನೇಹಿತ ಕುಲಕರ್ಣಿ, ಮತ್ತು ಅವರ ಸ್ಟೇಷನ್ ವ್ಯಾಗನ್ನಿನ ಹಿಂಭಾಗದಲ್ಲಿ ಎರಡು ಮರದ ಪೆಟ್ಟಿಗೆಗಳೊಳಗೆ ಒಂದೊಂದು ವಾಲಬಿ, ಕಾಂಗರೂವಿನಂಥ ಪುಟ್ಟ ಪ್ರಾಣಿ. ಹೊರಗೆ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕಾರಿನ ಹೀಟರನ್ನು ಅರ್ಧ ಗಂಟೆ ಮೊದಲೇ ಹಾಕಿ ಒಳಗೆ ಬೆಚ್ಚಗೆ ಮಾಡಿಟ್ಟಿದ್ದೆವು. ಚಿಕಾಗೋದ ನೈಋತ್ಯಕ್ಕೆ, ಲೆಮಾಂಟಿನ ಕಾಡಿನ ಅಂಚಿನಲ್ಲಿದ್ದ ಒಂದು ಪ್ರಾಣಿ ಉದ್ಯಾನಕ್ಕೆ ಅವನ್ನು ತಲುಪಿಸಬೇಕಿತ್ತು. ಹತ್ತಿರ ಹತ್ತಿರ ಇನ್ನೂರೆಂಬತ್ತು ಮೈಲಿ. ಸಂಜೆಯೊಳಗೆ ಮುಟ್ಟುತ್ತೇವೆ ಎಂದುಕೊಂಡಿದ್ದೆವು.

ಈ ಕೆಲಸ ನನ್ನ ಪಾಲಿಗೆ ಹೇಗೆ ಬಂತೆಂದು ಮೊದಲು ಹೇಳಬೇಕು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆಯವರು ಡೆಟ್ರಾಯಿಟ್ ಕಡೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ನಾನು ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವಳು, ಇಲ್ಲಿ ಸಂಬಳದ ಕೆಲಸ ಮಾಡುವ ವೀಸಾ ಇರಲಿಲ್ಲ. ಮನೆಯಿಂದ ಎರಡು ಮೈಲಿ ದೂರದಲ್ಲಿ ಸ್ಟಾನ್ ಎಂಬ ಮುದುಕನ ಪುಟ್ಟ ಪ್ರಾಣಿವನ ಇತ್ತು. ಕಾರು ಕಾರ್ಖಾನೆಯಿಂದ ನಿವೃತ್ತನಾದವನು, ತನ್ನ ಜಮೀನಿನಲ್ಲಿ ಜಿಂಕೆ, ನವಿಲು, ಒಂದು ಮುದಿ ಕರಡಿ ಸಾಕಿಕೊಂಡು ಶಾಲೆಯ ಮಕ್ಕಳಿಗೆ ತೋರಿಸುತ್ತಿದ್ದ. ಸುಮ್ಮನೆ ನೋಡಲು ಹೋದವಳು ಮರುವಾರದಿಂದ ಬಿಟ್ಟಿ ಕೆಲಸಕ್ಕೆ ನಿಂತೆ. ಹನ್ನೊಂದು ತಿಂಗಳು, ವಾರಕ್ಕೆ ನಾಲ್ಕು ಸಂಜೆ, ಅವನ ವಾಲಬಿಗಳಿಗೆ ಹುಲ್ಲು ತರಕಾರಿ ಹಾಕಿದೆ, ಗೂಡು ಗುಡಿಸಿದೆ, ನೋಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟೆ.

ಅಕ್ಟೋಬರಿನಲ್ಲಿ ಸ್ಟಾನ್ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಮಕ್ಕಳು ಜಮೀನು ಮಾರಿದರು. ಅಲ್ಲಿ ಮನೆಗಳು ಏಳುತ್ತವೆ ಎಂದರು. ಬೇರೆ ಪ್ರಾಣಿಗಳೆಲ್ಲ ಒಂದೊಂದಾಗಿ ಹೋಗಿ, ವಾಲಬಿಗಳ ಜೋಡಿ ಮಾತ್ರ ಉಳಿದಿತ್ತು. ಹೆಣ್ಣಿನ ಹೊಟ್ಟೆಚೀಲದಲ್ಲಿ ಮರಿಯಿತ್ತು. ಅದು ಚೀಲ ಬಿಡುವವರೆಗೆ, ಇನ್ನೂ ಒಂದೂವರೆ ತಿಂಗಳು, ಕಾಯುವುದೇ ಸರಿಯೆಂದು ಸ್ಟಾನನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ತಿಂಗಳ ಕೊನೆಗೆ ಆ ಗೂಡಿನ ಹೀಟರಿಗೆ ಕರೆಂಟೇ ಇರುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಸ್ಟಾನ್ ನನಗೆ ದಾರಿಯ ನಿಯಮಗಳನ್ನು ಹೇಳಿಕೊಟ್ಟ: ರೇಡಿಯೋ ಹಾಕಕೂಡದು, ವೇಗ ಗಂಟೆಗೆ ಐವತ್ತು ಮೈಲಿ ದಾಟಕೂಡದು, ಸುಮ್ಮಸುಮ್ಮನೆ ಪೆಟ್ಟಿಗೆ ತೆರೆದು ನೋಡಕೂಡದು.

ನಮ್ಮ ಮನೆಯವರಿಗೆ ಆ ವಾರಾಂತ್ಯ ಡ್ಯೂಟಿ. ನನಗೆ ಡ್ರೈವ್ ಮಾಡಲು ಬರುತ್ತಿರಲಿಲ್ಲ. ಕುಲಕರ್ಣಿ ಧಾರವಾಡದವರು, ಕಾರಿನ ಎಂಜಿನ್ ಪರೀಕ್ಷೆ ಮಾಡುವ ಎಂಜಿನಿಯರ್, ಒಬ್ಬರೇ ಇರುತ್ತಿದ್ದರು. ವಿಷಯ ಕೇಳಿದ ತಕ್ಷಣ, "ನಾ ಬರ್ತೀನಿ ವೈನಿ. ಶನಿವಾರ ರವಿವಾರ ಮನ್ಯಾಗ ಕೂತು ಗ್ವಾಡಿ ನೋಡೋದಕ್ಕಿಂತ ಇದು ಛಲೋ" ಎಂದರು. ಅಣ್ಣನ ಹೆಂಡತಿಯನ್ನು ಅವರ ಕಡೆ ವೈನಿ ಎನ್ನುತ್ತಾರೆ. ನಮ್ಮ ಮನೆಯವರನ್ನು ಅವರು ಅಣ್ಣನೆಂದೇ ಭಾವಿಸಿದ್ದರು.

ಆನ್ ಆರ್ಬರ್ ದಾಟುವ ಹೊತ್ತಿಗೆ ಬೆಳಕು ಚೆನ್ನಾಗಿ ಹರಿದಿತ್ತು. ದೊಡ್ಡ ರಸ್ತೆ ಖಾಲಿಯಿತ್ತು. ಎರಡೂ ಕಡೆ ಕೊಯ್ಲಾದ ಜೋಳದ ಹೊಲಗಳು, ಮೋಟು ದಂಟುಗಳ ಮೇಲೆ ಬಿಳಿ ಇಬ್ಬನಿ. ಕುಲಕರ್ಣಿ ಪಿಸುದನಿಯಲ್ಲಿ ಕೇಳಿದರು:

"ಇವು ಕಾಂಗರೂನ ಮರಿ ಏನ್ರೀ, ಇಲ್ಲಾ ಜಾತೀನ ಬ್ಯಾರೇನ?"

ಜಾತಿಯೇ ಬೇರೆ ಎಂದೆ. ಅದಕ್ಕೆ ಪಾರ್ಮಾ ವಾಲಬಿ ಎಂದು ಹೆಸರು. ಬಯಲಲ್ಲಿ ಗುಂಪಾಗಿ ಓಡುವ ಕಾಂಗರೂ ಬೇರೆ, ಇದು ಕಾಡಿನ ಪ್ರಾಣಿ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ತೇವದ ಕಾಡುಗಳಲ್ಲಿ, ದಟ್ಟ ಪೊದೆಗಳ ಬುಡದಲ್ಲಿ ಹಗಲೆಲ್ಲ ಅಡಗಿ ಕುಳಿತು, ಸಂಜೆ ಕತ್ತಲಾಗುವಾಗ ಹುಲ್ಲು ಮೇಯಲು ಹೊರಬರುತ್ತದೆ. ಒಂಟಿಯಾಗಿಯೇ ಇರುತ್ತದೆ. ಮೇಯುವಲ್ಲಿ ಎರಡು ಮೂರು ಸೇರಿದರೂ ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ. ನಮ್ಮ ಹೆಣ್ಣು ಎಂಟು ಪೌಂಡ್ ತೂಗುತ್ತಿತ್ತು, ಗಂಡು ಹನ್ನೊಂದು. ಕಂದು ಮೈ, ಬಿಳಿ ಕುತ್ತಿಗೆ, ಕೆನ್ನೆಯ ಮೇಲೆ ಸುಣ್ಣದಲ್ಲಿ ಎಳೆದಂಥ ಗೆರೆ. ನೆಗೆಯುವಾಗಲೂ ಕಾಂಗರೂವಿನ ಹಾಗೆ ಎದೆಯೆತ್ತಿ ನೆಗೆಯುವುದಿಲ್ಲ. ಮುಂಗೈಗಳನ್ನು ಪಕ್ಕಕ್ಕೆ ಒತ್ತಿಕೊಂಡು, ಮೈ ಬಗ್ಗಿಸಿ, ನೆಲಕ್ಕೆ ಅಂಟಿದ ಹಾಗೆ ಪೊದೆಗಳ ಕೆಳಗೆ ತೂರಿಹೋಗುತ್ತದೆ.

ಈ ಪ್ರಾಣಿ ಭೂಮಿಯ ಮೇಲೆ ಉಳಿದೇ ಇಲ್ಲವೆಂದು ಬಲ್ಲವರು ಹಲವು ದಶಕಗಳ ಕಾಲ ನಂಬಿದ್ದರು. ಆಮೇಲೆ, ಅರವತ್ತರ ದಶಕದ ನಡುವೆ, ನ್ಯೂಜಿಲೆಂಡಿನ ಒಂದು ಸಣ್ಣ ದ್ವೀಪದಲ್ಲಿ ಸಿಕ್ಕಿತು. ಸುಮಾರು ನೂರು ವರ್ಷದ ಹಿಂದೆ ಅಲ್ಲಿದ್ದ ದೊರೆಯೊಬ್ಬ ಶೋಕಿಗೆ ತಂದು ಬಿಟ್ಟಿದ್ದನಂತೆ. ಗಿಡ ತಿನ್ನುವ ಪೀಡೆಯೆಂದು ಅಲ್ಲಿಯವರು ಅದನ್ನು ಹೊಡೆದು ಹಾಕುತ್ತಿದ್ದರು. ಇದು ಅದೇ ಎಂದು ಯಾರೋ ಗುರುತು ಹಿಡಿದ ಮೇಲೆ ಕೊಲ್ಲುವುದು ನಿಂತು, ಹಿಡಿದು ಹಿಡಿದು ದೇಶದೇಶದ ಪ್ರಾಣಿವನಗಳಿಗೆ ಕಳಿಸಿದರು. ಹಾಗೆ ಬಂದವೇ ಸ್ಟಾನನ ಜೋಡಿ. ಅವುಗಳ ಹುಟ್ಟೂರಿನ ಕಾಡಿನಲ್ಲೂ ಕೆಲವು ಬದುಕಿಕೊಂಡಿವೆಯೆಂದು ಆಮೇಲೆ ಗೊತ್ತಾಯಿತು.

"ಅಂದ್ರ ಸತ್ತೇ ಹೋದ್ವು ಅಂತ ಬರಕೊಂಡು ಕೂತಿದ್ರು, ಇವು ಪಾಪ ಅಲ್ಲೆ ಹುಲ್ಲು ತಿನ್ಕೋತ ಇದ್ವು" ಎಂದರು ಕುಲಕರ್ಣಿ. ಹೌದೆಂದೆ.

ಬ್ಯಾಟಲ್ ಕ್ರೀಕ್ ಹತ್ತಿರ ಪೆಟ್ರೋಲಿಗೆ ನಿಂತಾಗ ಹತ್ತು ಗಂಟೆ. ಗ್ಯಾಲನ್ನಿಗೆ ಮೂವತ್ತಾರು ಸೆಂಟು. ಆ ಊರಿನ ಗಾಳಿಯೇ ಹುರಿದ ಜೋಳದ ವಾಸನೆ ಹೊಡೆಯುತ್ತಿತ್ತು, ಬೆಳಗಿನ ತಿಂಡಿಯ ಕಾರ್ನ್‌ಫ್ಲೇಕ್ಸ್ ತಯಾರಿಸುವ ಕಾರ್ಖಾನೆಗಳ ಊರು ಅದು. ಕಾರಿನಲ್ಲೇ ಕೂತು ನಾನು ತಂದ ಚಪಾತಿ, ಕುಲಕರ್ಣಿ ತಂದ ಶೇಂಗಾ ಚಟ್ನಿಪುಡಿ ತಿಂದೆವು. ಪೆಟ್ರೋಲ್ ಹಾಕುವವನು ಹಿಂದಿನ ಗಾಜಿಗೆ ಮುಖವಿಟ್ಟು ನೋಡಿ, ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದ. ಕುಲಕರ್ಣಿ ಹೇಳಿದರು. ಅವನು ನಂಬದೆ ನಗುತ್ತಾ ಹೋದ.

ಕಲಮಜೂ ದಾಟಿ ಹದಿನೈದು ಮೈಲಿ ಹೋಗುವಷ್ಟರಲ್ಲಿ ಆಕಾಶ ಬದಲಾಯಿತು. ಮಿಶಿಗನ್ ಸರೋವರದ ಕಡೆಯಿಂದ ಸೀಸದ ಬಣ್ಣದ ಮೋಡ ಎದ್ದು, ಹತ್ತು ನಿಮಿಷದಲ್ಲಿ ಹಿಮ ಬೀಳತೊಡಗಿತು. ಸರೋವರದ ಮೇಲಿನಿಂದ ಬರುವ ಹಿಮ ಹೀಗೇ, ಒಂದು ಊರಿನಲ್ಲಿ ಬಿಸಿಲಿದ್ದರೆ ಪಕ್ಕದೂರಿನಲ್ಲಿ ಮೊಣಕಾಲುದ್ದ ಬೀಳುತ್ತದೆ. ಮುಂದಿನ ಕಾರಿನ ಕೆಂಪು ದೀಪವೂ ಕಾಣದಾಯಿತು. ಮುಂದೆಲ್ಲೋ ಅಪಘಾತವಾಗಿರಬೇಕು, ಸಾಲುಸಾಲಾಗಿ ಎಲ್ಲರೂ ನಿಂತೆವು.

ನಿಂತು ಇಪ್ಪತ್ತು ನಿಮಿಷವಾಗಿತ್ತು. ಹಿಂದಿನಿಂದ ಬಂದ ದೊಡ್ಡ ಟ್ರಕ್ಕೊಂದು ಹಿಮದಲ್ಲಿ ಜಾರುತ್ತಾ ನಮ್ಮ ಪಕ್ಕಕ್ಕೇ ಬಂತು. ಅದರ ಹಾರ್ನ್ ನಮ್ಮ ಕಿವಿಯ ಬಳಿಯೇ ಕೂಗಿತು, ಬಿಡದೆ ಕೂಗಿತು. ಟ್ರಕ್ಕು ನಮ್ಮನ್ನು ತಾಗದೆ ಒಂದು ಗಜ ಮುಂದೆ ಹೋಗಿ ನಿಂತಿತು. ಆದರೆ ಆಗಲೇ ಹಿಂದೆ ಹೆಣ್ಣಿನ ಪೆಟ್ಟಿಗೆಯಲ್ಲಿ ಧಡಧಡ ಸದ್ದು ಶುರುವಾಗಿತ್ತು. ಹಿಂಗಾಲಿನಿಂದ ನೆಲ ಬಡಿಯುತ್ತಿತ್ತು, ಹಲಗೆಗೆ ಮೈ ಅಪ್ಪಳಿಸುತ್ತಿತ್ತು. ಎರಡು ನಿಮಿಷದ ಮೇಲೆ ಒಮ್ಮೆಗೇ ನಿಶ್ಶಬ್ದ.

ಆ ನಿಶ್ಶಬ್ದ ಕೇಳಿ ನನಗೆ ಭಯವಾಯಿತು. ಸೀಟಿನ ಮೇಲಿಂದ ಹಿಂದಕ್ಕೆ ದಾಟಿ, ಸ್ಟಾನ್ ಕೊಟ್ಟಿದ್ದ ಕೆಂಪು ಕಾಗದ ಸುತ್ತಿದ ಟಾರ್ಚನ್ನು ಜಾಲರಿಯ ಬಳಿ ಹಿಡಿದೆ. ರಾತ್ರಿಯ ಪ್ರಾಣಿಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ. ಹೆಣ್ಣು ಒಂದು ಮೂಲೆಯಲ್ಲಿ ಮುದುಡಿತ್ತು. ಇನ್ನೊಂದು ಮೂಲೆಯ ಗೋಣಿತಾಟಿನ ಮೇಲೆ ಮರಿ ಬಿದ್ದಿತ್ತು.

"ಏನಾತ್ರೀ?"

"ಮರೀನ ಚೀಲದಿಂದ ಹೊರಗೆ ಹಾಕಿಬಿಟ್ಟಿದೆ ಕುಲಕರ್ಣಿ ಅವರೇ."

ಅವರು ಸೀಟಿನಲ್ಲೇ ತಿರುಗಿ ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ, "ತಾಯಿ ತಾನ ಹೊರಗ ಒಗದ್ಲಾ?" ಎಂದರು.

ಪೆಟ್ಟಿಗೆಯ ಬಾಗಿಲನ್ನು ಕೈ ಹಿಡಿಯುವಷ್ಟೇ ತೆರೆದು ಮರಿಯನ್ನು ತೆಗೆದುಕೊಂಡೆ. ತೆಂಗಿನಕಾಯಿಗಿಂತ ಹಗುರ. ಮೈಮೇಲೆ ತೆಳು ಕೂದಲು ಬಂದಿತ್ತು. ಹಿಂಗಾಲುಗಳು ಮೈಗಿಂತ ಉದ್ದ, ಕಿವಿಗಳು ಒದ್ದೆ ಎಲೆಯ ಹಾಗೆ ತಣ್ಣಗಿದ್ದವು. ಬದುಕಿತ್ತು. ಕೋಟಿನ ಗುಂಡಿ ಬಿಚ್ಚಿ, ಸೀರೆಯ ಮಡಿಲು ಕಟ್ಟಿ ಅದರೊಳಗೆ ಇಟ್ಟುಕೊಂಡು, ಮೇಲೆ ಸ್ವೆಟರ್, ಅದರ ಮೇಲೆ ಕೋಟು ಮುಚ್ಚಿದೆ. ಅದು ಒಳಗೆ ತಲೆಕೆಳಗಾಗಿ ತಿರುಗಿ, ಕಾಲು ಮಡಚಿ, ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಅದರ ಎದೆಬಡಿತ ನನ್ನ ಹೊಟ್ಟೆಗೆ ತಿಳಿಯತೊಡಗಿತು.

ಮುಂದಿನ ಎಕ್ಸಿಟ್ಟಿನಲ್ಲಿ ಒಂದು ಮೋಟೆಲ್ ಇತ್ತು. ಒಂದು ಮೈಲಿ ಹೋಗಲು ನಲವತ್ತು ನಿಮಿಷ ಬೇಕಾಯಿತು. ಮೋಟೆಲಿನ ಒಡತಿ ಅರವತ್ತು ದಾಟಿದವಳು, ಡೋರಿಸ್ ಎಂದು ಹೆಸರು. ಮೊದಲು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಎರಡು ಬೇರೆ ಬೇರೆ ರೂಮು ಬೇಕೆಂದು ಕುಲಕರ್ಣಿ ಹೇಳಿದ ಮೇಲೆ ಮುಖ ಸಡಿಲವಾಯಿತು. ಪ್ರಾಣಿಗಳ ವಿಷಯ ಎತ್ತಿದಾಗ ಮತ್ತೆ ಬಿಗಿಯಾಯಿತು.

"ಬೋರ್ಡ್ ಓದಿಲ್ಲವೇ? ಪ್ರಾಣಿಗಳನ್ನು ಒಳಗೆ ಬಿಡುವುದಿಲ್ಲ."

ನಾನು ಏನೂ ವಾದ ಮಾಡದೆ ಕೋಟು ತೆರೆದು ಮಡಿಲನ್ನು ಸ್ವಲ್ಪ ಸರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಒಂದು ಕಿವಿ ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ನೋಡಿ, "ರೂಮಿಗೆ ಬಿಡಲಾರೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಬಾಯ್ಲರ್ ಇದೆ, ಬೆಚ್ಚಗಿರುತ್ತದೆ. ಕಿಟಕಿಯೂ ಇಲ್ಲ" ಎಂದಳು. ತಾನೇ ಹೋಗಿ ತಿರುಗುತ್ತಿದ್ದ ಯಂತ್ರಗಳನ್ನು ನಿಲ್ಲಿಸಿ ಬಂದಳು.

ಅವಳ ಆಫೀಸಿನಿಂದ ಸ್ಟಾನನ ಆಸ್ಪತ್ರೆಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ ಹೆಣ್ಣಿನದು. ನಿಂತಿದೆಯೇ, ಉಸಿರು ಹೇಗಿದೆ, ಎಲ್ಲಾದರೂ ರಕ್ತ ಬಂದಿದೆಯೇ ಎಂದು. ಆಮೇಲೆ ಹೇಳಿದ:

"ಮರಿಯನ್ನು ಒಳಗೆ ತುರುಕಲೆಂದು ಅವಳನ್ನು ಹಿಡಿಯಬೇಡ. ಇನ್ನೊಂದು ಸಲ ಹೆದರಿದರೆ ಅವಳೇ ಸಾಯುತ್ತಾಳೆ. ತಾಯಿ ಉಳಿದರೆ ಇನ್ನೊಂದು ಮರಿಯಾಗುತ್ತದೆ. ಗೊತ್ತಾಯಿತಾ?"

"ಮರಿ ಬದುಕಿದೆ, ಸ್ಟಾನ್."

"ಗೊತ್ತು. ಬದುಕಿದ್ದರೂ ಅದನ್ನು ಬಿಟ್ಟುಬಿಡು ಎಂದೇ ನಾನು ಹೇಳುತ್ತಿರುವುದು."

ಫೋನ್ ಇಟ್ಟು ಬಂದು ಬಟ್ಟೆಯ ಕೋಣೆಯಲ್ಲಿ ಮಡಚಿದ ಹಾಸಿಗೆ ಬಟ್ಟೆಗಳ ಪಕ್ಕ ಕುಳಿತೆ. ಸ್ಟಾನ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನಗೆ ಇನ್ನೊಂದು ವಿಷಯ ಗೊತ್ತಿತ್ತು, ನನ್ನ ಪುಸ್ತಕದಲ್ಲಿ ಬರೆದಿದ್ದೆ. ಕಳೆದ ಎರಡು ವಾರದಲ್ಲಿ ಎರಡು ಸಲ, ಸಂಜೆ ಐದರ ಸುಮಾರಿಗೆ, ಆ ಮರಿ ತಾನಾಗಿಯೇ ಚೀಲದಿಂದ ಇಳಿದು ಒಂದೆರಡು ನಿಮಿಷ ನೆಲದ ಮೇಲೆ ತಡಬಡಿಸಿ, ತಾಯಿ ಅಲುಗಾಡದೆ ನಿಂತಾಗ ತಲೆ ಮುಂದಾಗಿ ಒಳಕ್ಕೆ ದುಮುಕಿತ್ತು. ತಾಯಿಯನ್ನು ಯಾರೂ ಮುಟ್ಟಬೇಕಿಲ್ಲ. ಕತ್ತಲಾಗುವ ಹೊತ್ತು ಬರಬೇಕು, ಅವಳ ಹೆದರಿಕೆ ಇಳಿದಿರಬೇಕು, ಅಲ್ಲಿಯವರೆಗೆ ಮರಿ ತಣ್ಣಗಾಗಬಾರದು. ಆಗ ಮಧ್ಯಾಹ್ನ ಎರಡು ಗಂಟೆ.

ಡೋರಿಸ್ ಬಟ್ಟಲಲ್ಲಿ ಬೆಚ್ಚನೆಯ ಹಾಲು ತಂದಳು. ಹಸುವಿನ ಹಾಲು ಇವಕ್ಕೆ ಆಗುವುದಿಲ್ಲವೆಂದಾಗ ಬೇಸರ ಮಾಡಿಕೊಳ್ಳದೆ, ಆ ಹಾಲಿಗೆ ಕೋಕೋ ಹಾಕಿ ನಮಗೇ ಕೊಟ್ಟಳು. ಸಕ್ಕರೆ ಕದಡಿದ ಬಿಸಿನೀರನ್ನು ಬೆರಳ ತುದಿಯಲ್ಲಿ ಮರಿಯ ತುಟಿಗೆ ಹಚ್ಚಿದೆ. ನೆಕ್ಕಿತು.

ಕುಲಕರ್ಣಿ ಬಾಗಿಲ ಹತ್ತಿರ ಒಂದು ಬಕೆಟ್ ಬೋರಲು ಹಾಕಿ ಕುಳಿತಿದ್ದರು. ತಾಯಿ ಹೀಗೇಕೆ ಮಾಡಿತೆಂದು ಮತ್ತೆ ಕೇಳಿದರು. ನಾಯಿಯೋ ನರಿಯೋ ಅಟ್ಟಿಸಿಕೊಂಡು ಬಂದಾಗ ಚೀಲದ ಬಾಯಿಯ ಸ್ನಾಯು ಸಡಿಲವಾಗುತ್ತದೆ, ಮರಿ ಬಿದ್ದುಹೋಗುತ್ತದೆ, ಭಾರ ಇಳಿದ ತಾಯಿ ತಪ್ಪಿಸಿಕೊಳ್ಳುತ್ತದೆ ಎಂದೆ. "ಅದು ಬೇಕು ಅಂತ ಮಾಡೋದಲ್ಲ. ಯೋಚನೆ ಮಾಡೋಕೆ ಅದಕ್ಕೆ ಟೈಮೂ ಇರಲ್ಲ."

"ನನ್ನೂ ಹಿಂಗ ಒಗದಿದ್ರು, ವೈನಿ."

ಅವರು ನಗುತ್ತಿದ್ದಾರೆಂದುಕೊಂಡೆ. ನಗುತ್ತಿರಲಿಲ್ಲ.

"ನಾವು ಐದು ಮಂದಿ ಮಕ್ಕಳು. ನನ್ನ ಮಾವಶಿ, ಅಂದ್ರ ನಮ್ಮವ್ವನ ಅಕ್ಕ, ಹುಬ್ಬಳ್ಳ್ಯಾಗ ಇದ್ಲು. ಆಕಿಗೆ ಮಕ್ಕಳಿದ್ದಿಲ್ಲ. ನನಗ ನಾಕು ವರ್ಷ ಇದ್ದಾಗ ದತ್ತು ಕೊಟ್ರು. ಅವ್ವ ತಾನ ನನ್ನ ಎತ್ತಿ ಟಾಂಗಾದಾಗ ಕೂಡಿಸಿದ್ಲು. ಕೂಡಿಸಿ, ತಿರುಗಿ ಒಳಗ ಹೋದ್ಲು. ಮಾವಶಿ ನನ್ನ ಭಾಳ ಛಲೋ ಇಟ್ಲು, ಅದಕ್ಕೇನೂ ಕಡಿಮಿ ಇಲ್ಲ. ಆದ್ರ ಅವ್ವನ ಬೆನ್ನು ಇನ್ನೂ ಕಣ್ಣಾಗ ಅದ. ಇವತ್ತಿಗೂ ಆಕಿ ಜೋಡಿ ನೆಟ್ಟಗ ಮಾತಾಡಂಗಿಲ್ಲ ನಾ."

"ಅವರನ್ನ ಒಂದ್ಸಲ ಕೇಳಿದೀರಾ, ಯಾಕೆ ಅಂತ?"

"ಏನಂತ ಕೇಳೋದ್ರೀ. ಎಲ್ಲಾರಿಗೂ ಗೊತ್ತಿರೋ ಮಾತು."

ಮಡಿಲಲ್ಲಿ ಮರಿ ಒಮ್ಮೆ ಹೊರಳಿತು. ಹೊರಗೆ ಹಿಮ ಎತ್ತುವ ಗಾಡಿ ಗರಗರ ಹಾದುಹೋಯಿತು.

ಐದು ಗಂಟೆಗೆ ಕೋಣೆಯ ದೀಪ ಆರಿಸಿದೆವು. ಹೆಣ್ಣಿನ ಪೆಟ್ಟಿಗೆಯೊಳಗೆ ಎಲೆಕೋಸಿನ ಎಲೆ ಹಾಕಿ ದೂರ ಸರಿದು ಕುಳಿತೆವು. ಐದೂಕಾಲಿಗೆ ಮೆಲ್ಲಗೆ ಅಗಿಯುವ ಸದ್ದು ಬಂತು. ತಿನ್ನುವ ಪ್ರಾಣಿ ಹೆದರಿರುವುದಿಲ್ಲ. ಇನ್ನೂ ಹತ್ತು ನಿಮಿಷ ಬಿಟ್ಟು, ತೆವಳಿಕೊಂಡು ಹೋಗಿ, ಬಾಗಿಲ ಸಂದಿಯಿಂದ ಮರಿಯನ್ನು ಗೋಣಿತಾಟಿನ ಮೇಲೆ ಇಳಿಸಿದೆ.

ತಾಯಿ ಹಿಂದಕ್ಕೆ ಸರಿಯಿತು. ಮರಿ ಬೆಚ್ಚನೆಯ ಜಾಗ ಬಿಟ್ಟು ಬಂದದ್ದಕ್ಕೆ ನಡುಗುತ್ತಾ, ಸೀನಿದ ಹಾಗೆ ಒಂದು ಸಣ್ಣ ಸದ್ದು ಮಾಡಿತು. ಮತ್ತೆ ಮಾಡಿತು. ತಾಯಿ ಅಗಿಯುವುದನ್ನು ನಿಲ್ಲಿಸಿತು. ನಾನು ಕೆಂಪು ಬೆಳಕಿನಲ್ಲಿ ನೋಡುತ್ತಿದ್ದೆ. ಈಗ ಅದು ಹಿಂಗಾಲಿನಿಂದ ಬಡಿದರೆ ಸ್ಟಾನ್ ಹೇಳಿದಂತೆಯೇ ಆಗುತ್ತಿತ್ತು, ಎರಡನ್ನೂ ಕೊಂದವಳು ನಾನೇ ಆಗುತ್ತಿದ್ದೆ. ಬಡಿಯಲಿಲ್ಲ. ಗಂಟಲಲ್ಲಿ ಲೊಚಗುಟ್ಟಿದ ಹಾಗೆ ಏನೋ ಸದ್ದು ಮಾಡಿ, ಮುಂದಕ್ಕೆ ಬಂದು, ಮರಿಯ ತಲೆಯನ್ನು ಮೂಸಿ, ನೆಟ್ಟಗೆ ನಿಂತಿತು. ಮರಿ ಮುಂಗೈಗಳಿಂದ ಅದರ ಹೊಟ್ಟೆಯ ಕೂದಲು ಹಿಡಿದು ತಡಕಿತು. ಒಂದು ಸಲ ಜಾರಿತು. ಎರಡನೆಯ ಸಲ ತಲೆ ಒಳಕ್ಕೆ ಹೋಯಿತು. ಹಿಂಗಾಲು ಬಾಲಗಳೆಲ್ಲ ಗಾಳಿಯಲ್ಲಿ ಒದ್ದಾಡಿ, ಆಮೇಲೆ ಅವೂ ಮರೆಯಾದವು. ತಾಯಿ ಬಗ್ಗಿ ಚೀಲದ ಬಾಯಿ ನೆಕ್ಕಿ, ಎಲೆಕೋಸಿಗೆ ಹಿಂತಿರುಗಿತು.

ಕುಲಕರ್ಣಿ ಬಾಗಿಲಿನಿಂದಲೇ, "ಹೊಳ್ಳಿ ತೊಗೊಂಡ್ಲೇನ್ರೀ?" ಎಂದು ಪಿಸುಗುಟ್ಟಿದರು. ತಗೊಂಡಳು ಎಂದೆ. ಅವರು ಎದ್ದು ಹಿಮದಲ್ಲೇ ಹೊರಗೆ ಹೋಗಿ, ಬಹಳ ಹೊತ್ತು ಕಾರಿನ ಗಾಜು ಕೆರೆಯುತ್ತಾ ನಿಂತರು.

ಗಂಡಿನ ಪೆಟ್ಟಿಗೆಗೂ ಎಲೆಕೋಸು, ಕ್ಯಾರೆಟ್ ಹಾಕಿದೆ. ಅದು ಬೆಳಗಿನಿಂದ ಒಂದು ಸದ್ದೂ ಮಾಡಿರಲಿಲ್ಲ. ಮೂಲೆಯಲ್ಲಿ ಕುಳಿತು ಮುಂಗೈಗಳನ್ನು ನೆಕ್ಕಿಕೊಳ್ಳುತ್ತಿತ್ತು, ಮೊಣಕೈವರೆಗೆ ಒದ್ದೆಯಾಗಿತ್ತು. ಎಷ್ಟು ಸಾಧು ಪ್ರಾಣಿ ಎಂದುಕೊಂಡು ಬಾಗಿಲು ಹಾಕಿದೆ. ಡೋರಿಸ್ ಟೊಮೇಟೊ ಸೂಪು ಕೊಟ್ಟಳು. ಅದನ್ನು ಕುಡಿದು ಮಲಗಿದೆ, ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹೆಣ್ಣು ಎಲ್ಲವನ್ನೂ ತಿಂದಿತ್ತು. ಗಂಡು ಏನನ್ನೂ ಮುಟ್ಟಿರಲಿಲ್ಲ. ಗೋಣಿತಾಟಿನ ಮೇಲೆ ಕಾಫಿ ಚೆಲ್ಲಿದಂಥ ಕಂದು ಕಲೆಗಳಿದ್ದವು. ಹೊಸ ಜಾಗ, ನಾಚಿಕೆ ಸ್ವಭಾವ, ಲೆಮಾಂಟಿಗೆ ಹೋದ ಮೇಲೆ ತಿನ್ನುತ್ತದೆ ಎಂದು ಕುಲಕರ್ಣಿಗೆ ಹೇಳಿದ್ದು ನೆನಪಿದೆ. ಬಟ್ಟೆ ಕೋಣೆಗೆ ಡೋರಿಸ್ ಬಾಡಿಗೆ ಹಿಡಿಯಲಿಲ್ಲ. ಹೊರಡುವಾಗ ಹೆಣ್ಣಿನ ಪೆಟ್ಟಿಗೆಯ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದಳು.

ಮಿಶಿಗನ್ ಸಿಟಿಯಲ್ಲಿ ಕಾಲವಲಯ ಬದಲಾಗುವುದರಿಂದ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವು. ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಚಿಮಣಿಗಳಿಂದ ಕಿತ್ತಳೆ ಬಣ್ಣದ ಹೊಗೆ ಏಳುತ್ತಿತ್ತು, ಅಲ್ಲಿ ಬಿದ್ದ ಹಿಮವೂ ಬೂದಿಯ ಬಣ್ಣದ್ದು. ಅಲ್ಲಿಂದ ಟೋಲ್ ರಸ್ತೆ ಹಿಡಿದು ಚಿಕಾಗೋದ ದಕ್ಷಿಣದಿಂದಲೇ ಸುತ್ತಿಕೊಂಡು ಲೆಮಾಂಟ್ ಮುಟ್ಟಿದಾಗ ಅಲ್ಲಿಯ ಸಮಯ ಒಂಬತ್ತೂವರೆ. ಓಕ್ ಮರಗಳ ನಡುವೆ ಉದ್ದನೆಯ ಕೆಂಪು ಕಟ್ಟಡ. ಹೆಲೆನ್ ಎಂಬ ಪಶುವೈದ್ಯೆ ಬಾಗಿಲಲ್ಲೇ ಕಾಯುತ್ತಿದ್ದಳು.

ಮೊದಲು ಹೆಣ್ಣಿನ ಪೆಟ್ಟಿಗೆ ತೆರೆದೆವು. ಅದು ಹೊರಬಂದು ಎರಡು ನೆಗೆತಕ್ಕೆ ಹುಲ್ಲಿನ ಹಿಂದೆ ಅಡಗಿತು. ಚೀಲದಿಂದ ಒಂದು ಪಾದ ಹೊರಗೆ ಇಣುಕುತ್ತಿತ್ತು. ಹಿಂದಿನ ದಿನದ ಕಥೆ ಹೇಳಿದಾಗ ಹೆಲೆನ್ ನನ್ನ ಪುಸ್ತಕ ಕೇಳಿ ಪಡೆದು, ಸಂಜೆಯ ಆ ಪುಟಗಳನ್ನು ನಿಂತಲ್ಲೇ ಓದಿದಳು. ಇದನ್ನು ನಕಲು ಮಾಡಿಕೊಳ್ಳಬಹುದೇ ಎಂದಳು. ನನಗೆ ಹೆಮ್ಮೆಯಾಯಿತು. ಎರಡು ವರ್ಷದಿಂದ ಯಾರೂ ನನ್ನ ಬರಹವನ್ನು ಹಾಗೆ ಓದಿರಲಿಲ್ಲ.

ಆಮೇಲೆ ಗಂಡಿನ ಪೆಟ್ಟಿಗೆ ತೆರೆದೆವು.

ಅದು ಮಗ್ಗುಲಾಗಿ ಮಲಗಿತ್ತು. ಹಿಂಗಾಲುಗಳು ಕಟ್ಟಿಗೆಯಂತೆ ಸೆಟೆದಿದ್ದವು. ಕಣ್ಣು ತೆರೆದೇ ಇತ್ತು, ಉಸಿರಿತ್ತು. ಹೆಲೆನ್ ಮಂಡಿಯೂರಿ ತೊಡೆಯನ್ನು ಒತ್ತಿ ನೋಡಿದಳು, ಗೋಣಿತಾಟಿನ ಕಲೆ ನೋಡಿದಳು. ಅದು ತಿಂದಿತ್ತೇ ಎಂದು ಕೇಳಿದಳು. ಮುಂಗೈ ನೆಕ್ಕಿಕೊಳ್ಳುತ್ತಿತ್ತೇ ಎಂದು ಕೇಳಿದಳು. ಹೌದು ಎಂದೆ. ವಿಪರೀತ ಹೆದರಿದಾಗ ಈ ಪ್ರಾಣಿಗಳ ಸ್ನಾಯುಗಳು ಒಳಗೊಳಗೇ ಒಡೆಯುತ್ತವೆ, ಆ ವಿಷ ಮೂತ್ರದಲ್ಲಿ ಕಂದಾಗಿ ಬರುತ್ತದೆ, ಗೊತ್ತಾಗುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ ಎಂದು ವಿವರಿಸಿದಳು. ಸೂಜಿ ಚುಚ್ಚಿದಳು. ಆದರೂ ಅರ್ಧ ಗಂಟೆಯಲ್ಲಿ ಅದು ಸತ್ತಿತು. ಆ ಹಾರ್ನ್ ಕೂಗಿದಾಗ ಅದೂ ಅಲ್ಲೇ ಇತ್ತು. ಅದರ ಪೆಟ್ಟಿಗೆಯ ಜಾಲರಿಗೆ ನಾನು ಟಾರ್ಚು ಹಿಡಿದಿರಲಿಲ್ಲ.

"ನಿನ್ನೆಯೇ ಗೊತ್ತಾಗಿದ್ದರೂ ನೀವು ಮಾಡಬಹುದಾಗಿದ್ದು ಬಹಳ ಕಡಿಮೆ" ಎಂದಳು ಹೆಲೆನ್. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅದು ನಿಜವೋ ಸಮಾಧಾನವೋ ನನಗೆ ಇವತ್ತಿಗೂ ತಿಳಿಯದು.

ಅಲ್ಲಿಂದಲೇ ಸ್ಟಾನನಿಗೆ ಫೋನ್ ಮಾಡಿದೆ. ಅವನ ಮಾತು ಮೀರಿ ಮರಿಯನ್ನು ಪೆಟ್ಟಿಗೆಗೆ ಬಿಟ್ಟದ್ದನ್ನು ಮೊದಲು ಹೇಳಿದೆ, ಆಮೇಲೆ ಗಂಡಿನ ವಿಷಯ. ಅವನು ಬಯ್ಯಲಿಲ್ಲ.

"ನಾಲ್ಕು ವರ್ಷ ನನ್ನ ಹತ್ತಿರ ಇದ್ದ" ಎಂದ. "ಹೆಣ್ಣಿನದೂ ಮರಿಗಳದೂ ಒಂದು ಡಬ್ಬದ ತುಂಬ ಫೋಟೋ ಇವೆ. ಅವನದೊಂದೂ ತೆಗೆದಿಲ್ಲ."

ಊಟಕ್ಕೆ ಡೌನರ್ಸ್ ಗ್ರೋವಿನಲ್ಲಿ ನನ್ನ ಕಾಲೇಜಿನ ಗೆಳತಿ ಸರೋಜಳ ಮನೆಗೆ ಹೋದೆವು. ಅವಳು ಬಿಸಿಬೇಳೆಬಾತ್ ಮಾಡಿದ್ದಳು. "ಯಾಕೆ ಇಷ್ಟು ಸಪ್ಪಗಿದೀಯೇ? ಮೊದಲು ಊಟ ಮಾಡು" ಎಂದು ತಟ್ಟೆ ಮುಂದಿಟ್ಟಳು. ನಡೆದದ್ದನ್ನು ಹೇಳುತ್ತಿರುವಾಗ ಅವಳ ಏಳು ವರ್ಷದ ಮಗಳು ನನ್ನ ಪಕ್ಕ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಕನ್ನಡ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. ಕೊನೆಗೆ, "ವಾಟ್ ವಾಸ್ ಹಿಸ್ ನೇಮ್, ಆಂಟಿ?" ಎಂದಳು. ಹೆಸರಿಟ್ಟಿರಲಿಲ್ಲ ಪುಟ್ಟಿ ಎಂದೆ. ಅವಳಿಗೆ ಅದು ಸರಿ ಕಾಣಲಿಲ್ಲ. ನನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತು ಹೊರಟುಹೋದಳು.

ಹಿಂತಿರುಗುವ ದಾರಿಯಲ್ಲಿ ರೇಡಿಯೋ ಹಾಕಬಹುದಿತ್ತು. ಇಬ್ಬರೂ ಹಾಕಲಿಲ್ಲ. ಇಂಡಿಯಾನಾ ಕಳೆದು ಮಿಶಿಗನ್ನಿನ ದ್ರಾಕ್ಷಿ ತೋಟಗಳು ಬರುವವರೆಗೆ ಕುಲಕರ್ಣಿ ವೇಗವನ್ನು ಐವತ್ತು ಮೈಲಿ ದಾಟಿಸದೆ ಓಡಿಸಿದರು. ಆಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

"ನಮ್ಮಪ್ಪ ಇನ್ನೂ ಇದ್ದಾನ್ರೀ ವೈನಿ. ಎಪ್ಪತ್ತೆರಡು."

ಕಾರಿನ ದೀಪ ಹಾಕಿ ಅವರೇ ಮುಂದುವರಿಸಿದರು.

"ಟಾಂಗಾ ಹೊಂಟಾಗ ಅಪ್ಪ ಎಲ್ಲಿದ್ದ ಅಂತ ನೆನಪು ಮಾಡ್ಕೊಳ್ಳಿಕ್ಕತ್ತೀನಿ, ಮುಂಜಾನೆ ಆ ಗಂಡು ಸತ್ತಾಗಿಂದ. ನೆನಪಾಗವಲ್ದು. ಇಷ್ಟು ವರ್ಷ ಬರೇ ಅವ್ವನ ಮ್ಯಾಲೆ ಸಿಟ್ಟು ಮಾಡಿ ಮಾಡಿ, ಆತಗ ಏನನ್ನಿಸಿತ್ತು ಅಂತ ಒಂದ್ ದಿನಾನೂ ಕೇಳಿಲ್ಲ. ಆತನೂ ಬಾಯಿ ಬಿಟ್ಟು ಹ್ಞೂಂ ಅಂದಿಲ್ಲ, ಉಹ್ಞೂಂ ಅಂದಿಲ್ಲ. ಹೋದಾಗೊಮ್ಮೆ ಸ್ಟೇಶನ್ ತನಕ ಬಂದು, ಬ್ಯಾಗ್ ಹಿಡಕೊಂಡು ನಿಂತಿರ್ತಾನ, ಅಷ್ಟ."

ನಾರ್ತ್‌ವಿಲ್ ತಲುಪಿದಾಗ ಸಂಜೆ ಏಳೂವರೆ. ನಮ್ಮ ಮನೆಯವರು ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಅನ್ನ ಸಾರು ಮಾಡುತ್ತೇನೆ, ಕೂತುಕೊಳ್ಳಿ ಎಂದೆ. ಕುಲಕರ್ಣಿ ಕೋಟು ಬಿಚ್ಚದೆ ಅಡಿಗೆಮನೆಯ ಮೇಜಿನ ಮುಂದೆ ಕುಳಿತು, ಮನೆಯಲ್ಲಿ ಊರಿಗೆ ಬರೆಯುವ ಏರೋಗ್ರಾಮ್ ಇದೆಯೇ ಎಂದು ಕೇಳಿದರು. ಡ್ರಾಯರಿನಲ್ಲಿ ಒಂದಿತ್ತು, ಕೊಟ್ಟೆ.

ಬೇಳೆ ತೊಳೆದು ಒಲೆಯ ಮೇಲಿಟ್ಟು ತಿರುಗಿದಾಗ ಅವರು ಒಂದು ಸಾಲು ಬರೆದಿದ್ದರು. ಓದಬಾರದಿತ್ತು, ಕಣ್ಣಿಗೆ ಬಿತ್ತು. "ತೀರ್ಥರೂಪ ಅಪ್ಪನವರಿಗೆ" ಎಂದಿತ್ತು. ಉಳಿದ ನೀಲಿ ಹಾಳೆ ಖಾಲಿಯಿತ್ತು. ಪೆನ್ನು ಹಿಡಿದ ಅವರ ಕೈ ಹಾಳೆಯ ಮೇಲೆ ಹಾಗೇ ನಿಂತಿತ್ತು. ನಾನು ಸದ್ದಾಗದ ಹಾಗೆ ಅಕ್ಕಿಯ ಡಬ್ಬ ತೆಗೆದು, ಅಳೆದು, ತೊಳೆಯಲು ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಪೆನ್ನು ಹಾಳೆಯ ಮೇಲೆ ಓಡುವ ಸದ್ದು ಕೇಳಿಸಿತು.